ಅಜ್ಜಿಯ ಮಾತು ಕೇಳಿಸದ ಟೇಪು, ನಾವು ಆರಿಸಿದ ವಿಡಿಯೋ ಕ್ಯಾಮೆರಾ

ನಮ್ಮ ಸೋದರಮಾವನ ಹತ್ತಿರ ಒಂದು ಮಿನಿ ಡಿವಿ ಕ್ಯಾಮೆರಾ ಇತ್ತು, ಚಿಕ್ಕ ಡಿಜಿಟಲ್ ಟೇಪಿನ ಮೇಲೆ ವಿಡಿಯೋ ಬರೆಯುವಂಥದ್ದು. ಅದರಲ್ಲಿ ಅವರು ತೆಗೆದ 14 ಟೇಪುಗಳು ಬೀರುವಿನ ಮೇಲೆ ಒಂದು ಡಬ್ಬಿಯಲ್ಲಿ ವರ್ಷಗಟ್ಟಲೆ ಹಾಗೇ ಕೂತಿದ್ದವು. ಹೋದ ವರ್ಷ ಅಣ್ಣ ಎಲ್ಲಿಂದಲೋ ಆ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಹುಡುಕಿ ತಂದ, ಆ ಕೇಬಲ್ ಹಾಕುವ ಜಾಗ ಇರುವ ಹಳೇ ಕಂಪ್ಯೂಟರನ್ನೂ ಹೊಂದಿಸಿದ, ಇಬ್ಬರೂ ಕೂತು ಒಂದೊಂದೇ ಟೇಪು ಇಳಿಸಿಕೊಂಡೆವು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಟೇಪು ಓಡಿದ ಹಾಗೇ ಇಳಿಯುತ್ತದೆ, ಬೇಗ ಮುಗಿಸಲು ದಾರಿಯಿಲ್ಲ. ಹಾಗಾಗಿ ಎಲ್ಲವನ್ನೂ ಪೂರ್ತಿ ನೋಡಿದೆವು.

ಆರನೇ ಟೇಪಿನಲ್ಲಿ ಅಜ್ಜಿ ಸಿಕ್ಕಳು. ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತು ಏನೋ ಕಥೆ ಹೇಳುತ್ತಿದ್ದಾಳೆ. ಕೈ ಆಡಿಸುತ್ತಾಳೆ, ನಡುವೆ ನಗುತ್ತಾಳೆ, ಒಂದು ಸಲ ಕಣ್ಣು ಒರೆಸಿಕೊಳ್ಳುತ್ತಾಳೆ. ಚಿತ್ರ ಇವತ್ತಿನ ಲೆಕ್ಕಕ್ಕೆ ಚಿಕ್ಕದು, ಬಣ್ಣವೂ ಸ್ವಲ್ಪ ಕೆಂಪಗಿದೆ, ಆದರೂ ಮುಖ ಚೆನ್ನಾಗಿಯೇ ಕಾಣುತ್ತದೆ. ಕೇಳಿಸುವುದು ಮಾತ್ರ ಫ್ಯಾನಿನ ಸದ್ದು. ಅದರ ಜೊತೆಗೆ ಕ್ಯಾಮೆರಾದೊಳಗೆ ಟೇಪು ತಿರುಗಿಸುವ ಮೋಟರಿನ ಗುಂಯ್ ಅನ್ನುವ ಸದ್ದು, ಕ್ಯಾಮೆರಾ ಹಿಡಿದಿದ್ದ ಮಾವನ ಉಸಿರು. 11 ನಿಮಿಷ ಅಜ್ಜಿ ಮಾತಾಡಿದ್ದಾಳೆ. ನಮಗೆ ಬಿಡಿಬಿಡಿಯಾಗಿ ಸಿಕ್ಕಿದ್ದು ನಾಲ್ಕೈದು ಪದ. ಅಣ್ಣ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದ. ಸಾಫ್ಟ್‌ವೇರಿನಲ್ಲಿ ಫ್ಯಾನಿನ ಸದ್ದು ತೆಗೆದು ನೋಡಿದ, ಅದರ ಜೊತೆ ಅಜ್ಜಿಯ ದನಿಯೂ ಹೋಯಿತು.

ಅಮ್ಮನಿಗೆ ಈಗ 71. ಮಗಳಿಗೆ 6. ಮನೆಗೆ ಒಂದು ವಿಡಿಯೋ ಕ್ಯಾಮೆರಾ ಬೇಕು ಅಂತ ಆ ರಾತ್ರಿಯೇ ನಮ್ಮನೆಯವರಿಗೆ ಹೇಳಿದೆ. "ಫೋನ್ ಇದೆಯಲ್ಲ?" ಅಂದರು.

ಸುಮ್ನೆ ಕೇಳಿದ್ದಲ್ಲ ಅವರು, ನಿಜವಾಗಿ ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮಿಬ್ಬರ ಫೋನೂ ಚೆನ್ನಾಗಿವೆ, 4ಕೆ ಅನ್ನುವ ತುಂಬಾ ಚೂಪಾದ ವಿಡಿಯೋ ಬರುತ್ತದೆ, ಯಾವಾಗಲೂ ಕೈಯಲ್ಲೇ ಇರುತ್ತವೆ. ಹಾಗಾಗಿ ಕ್ಯಾಮೆರಾ ನೋಡುವುದಕ್ಕೆ ಮೊದಲು ಒಂದು ವಾರ ನಾವು ಫೋನಿನಲ್ಲಿ ಈಗಾಗಲೇ ತೆಗೆದಿದ್ದ ವಿಡಿಯೋಗಳನ್ನೇ ಕೂತು ನೋಡಿದೆವು. ಈ ಕೆಲಸ ಮಾಡಿದ್ದು ತುಂಬಾ ಒಳ್ಳೇದಾಯಿತು. ಹೆಚ್ಚಿನವು ಅರ್ಧ ನಿಮಿಷದ ತುಣುಕುಗಳು. ಮಗಳು ಸೈಕಲ್ ಕಲಿತದ್ದು, ಬೆಕ್ಕಿನ ಮರಿ ಬಂದದ್ದು, ಹೀಗೆ. ಅವೆಲ್ಲ ಚೆನ್ನಾಗಿ ಬಂದಿವೆ, ಅದಕ್ಕೆ ಬೇರೆ ಕ್ಯಾಮೆರಾ ಬೇಕಾಗಿಲ್ಲ.

ಕೆಟ್ಟು ಹೋಗಿದ್ದವು ಮೂರು ಥರದವು. ಒಂದು, ಶಾಲೆಯ ವೇದಿಕೆ. ಹಿಂದಿನ ಸಾಲಿನಿಂದ ಬೆರಳಲ್ಲಿ ಎಳೆದು ದೊಡ್ಡದು ಮಾಡಿ ತೆಗೆದಿದ್ದೆ, ಮಗಳ ಮುಖ ಇದ್ದ ಜಾಗದಲ್ಲಿ ಬಣ್ಣದ ಚೌಕಗಳು ಕಾಣುತ್ತಿದ್ದವು. ಅದರಲ್ಲೂ ಡಾನ್ಸ್ ಅರ್ಧದಲ್ಲಿದ್ದಾಗ ಫೋನಿನ ಜಾಗ ತುಂಬಿ ರೆಕಾರ್ಡಿಂಗ್ ನಿಂತಿತ್ತು. ಎರಡು, ರಾತ್ರಿ ಮನೆಯೊಳಗಿನವು. ಮೂರು, ಯಾರಾದರೂ ಕೂತು ಜಾಸ್ತಿ ಹೊತ್ತು ಮಾತಾಡಿದವು. ಅಮ್ಮ ಬಟ್ಟೆ ಮಡಚುತ್ತಾ ತನ್ನ ಶಾಲೆಯ ದಿನಗಳ ಬಗ್ಗೆ ಹೇಳಿದ್ದ ಒಂದು ವಿಡಿಯೋ ಇತ್ತು, ಒಂಬತ್ತನೇ ನಿಮಿಷಕ್ಕೆ ನನಗೆ ಯಾರೋ ಕರೆ ಮಾಡಿದ್ದರಿಂದ ಅಲ್ಲಿಗೇ ಕಡಿದು ಹೋಗಿತ್ತು. ಹಾಗಾದರೆ ನಮಗೆ ಬೇಕಾದದ್ದು ಏನು ಅಂತ ಒಂದು ಚೀಟಿಯಲ್ಲಿ ಬರೆದೆ: ದೂರದ್ದು ಹತ್ತಿರ ಕಾಣಬೇಕು, ಒಂದೂವರೆ ಗಂಟೆ ನಿಲ್ಲದೆ ಓಡಬೇಕು, ಮಾತು ಕೇಳಿಸಬೇಕು. ಚೀಟಿ ಬರೆದುಕೊಂಡಿದ್ದರೂ ಮೊದಲ ಸಲ ದಾರಿ ತಪ್ಪಿದೆವು.

ಆನ್‌ಲೈನಿನಲ್ಲಿ ಒಂದು ಕ್ಯಾಮ್‌ಕಾರ್ಡರ್ ಕಂಡಿತು. ವಿಡಿಯೋಗೆಂದೇ ಮಾಡಿದ ಕ್ಯಾಮೆರಾ ಅದು: 4ಕೆ, 48 ಮೆಗಾಪಿಕ್ಸೆಲ್, ರಾತ್ರಿಯಲ್ಲೂ ಕಾಣುತ್ತದೆ, 18 ಪಟ್ಟು ಜೂಮ್, ಜೊತೆಗೆ ಮೈಕು, ರಿಮೋಟು, ಎರಡು ಬ್ಯಾಟರಿ, ಚೀಲ. ತರಿಸಿದೆವು. ನೋಡಲು ಅಸಲಿ ಕ್ಯಾಮ್‌ಕಾರ್ಡರಿನ ಹಾಗೇ ಇತ್ತು. ಜೂಮ್ ಗುಂಡಿ ಒತ್ತಿದಾಗ ಮಾತ್ರ ಅನುಮಾನ ಬಂತು, ಒಳಗೆ ಲೆನ್ಸ್ ಅಲ್ಲಾಡಲೇ ಇಲ್ಲ. ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ದೊಡ್ಡದಾಯಿತು, ದೊಡ್ಡದಾದ ಹಾಗೆ ಕಲೆಸಿ ಹೋಯಿತು. ವಿವರದಲ್ಲಿ ಹುಡುಕಿ ನೋಡಿದರೆ ಸಣ್ಣ ಅಕ್ಷರದಲ್ಲಿ 'ಡಿಜಿಟಲ್ ಜೂಮ್' ಅಂತ ಇತ್ತು. ಅಂದರೆ ಫೋನಿನಲ್ಲಿ ಬೆರಳಲ್ಲಿ ಎಳೆಯುತ್ತೇವಲ್ಲ, ಅದೇ. ಸೆನ್ಸರ್‌ಗೆ (ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್ಪಿಗೆ) ಬಿದ್ದ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುವುದು. 4ಕೆ ಅನ್ನುವುದೂ ಹಾಗೇ, ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ದೊಡ್ಡ ಫೈಲು ಮಾಡಿದ್ದು. ಟಿವಿಗೆ ಹಾಕಿದಾಗ ಗೊತ್ತಾಯಿತು, ನನ್ನ ಫೋನಿನ 1080ಪಿ, ಅಂದರೆ 4ಕೆಗಿಂತ ಕೆಳಗಿನ ಮಟ್ಟದ ವಿಡಿಯೋ, ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮೂರನೇ ದಿನ ವಾಪಸ್ ಕಳಿಸಿದೆವು. ಹಣ ಬರಲು ನಾಲ್ಕು ವಾರ ಮೇಲ್ ಬರೆಯಬೇಕಾಯಿತು. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಯಾಕೆಂದರೆ ಈ ಥರದವು ಹತ್ತಾರು ಹೆಸರಿನಲ್ಲಿ ಸಿಗುತ್ತವೆ, ಮಕ್ಕಳಿಗೆ ಆಟಕ್ಕೆ ಕೊಡಲು ಸರಿ. ಇನ್ನೆಂದೂ ಸಿಗದ ಒಂದು ಸಂಜೆಯನ್ನು ದಯವಿಟ್ಟು ಅದನ್ನು ನಂಬಿ ತೆಗೆಯಬೇಡಿ.

ಆಮೇಲೆ ಅಂಗಡಿಗೇ ಹೋದೆವು. ಅಣ್ಣ ಹೇಳಿಕೊಟ್ಟ ಒಂದು ಉಪಾಯ ಬಹಳ ಉಪಯೋಗಕ್ಕೆ ಬಂತು. ನಮ್ಮದೇ ಮೆಮೊರಿ ಕಾರ್ಡ್ ತೆಗೆದುಕೊಂಡು ಹೋಗುವುದು, ಪ್ರತಿ ಕ್ಯಾಮೆರಾಕ್ಕೂ ಅದನ್ನು ಹಾಕಿ ಅದೇ ಜಾಗದಲ್ಲಿ ಒಂದೊಂದು ನಿಮಿಷ ತೆಗೆಯುವುದು, ಮನೆಗೆ ಬಂದು ನಮ್ಮ ಟಿವಿಯಲ್ಲಿ ನೋಡುವುದು. ಅಂಗಡಿಯ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, "ಆಯ್ತು ಮೇಡಂ, ನೋಡಿ" ಅಂತ ಮೂರು ಕ್ಯಾಮೆರಾ ಹೊರಗಿಟ್ಟ. ಕ್ಯಾಮೆರಾದ ಮೂರಿಂಚು ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಅಂಗಡಿಯ ಬೆಳಕೂ ಝಗಝಗ ಇರುತ್ತದೆ. ಅದಕ್ಕೆ ನಾನು ಮೊದಲು ದೂರದ ಗೋಡೆಯ ಮೇಲಿದ್ದ ಒಂದು ಫಲಕದ ಕಡೆಗೆ ತಿರುಗಿಸಿ ಪೂರ್ತಿ ಜೂಮ್ ಮಾಡಿದೆ, ಆಮೇಲೆ ಬಗ್ಗಿ ಮೇಜಿನ ಕೆಳಗಿನ ಕತ್ತಲಿಗೆ ಹಿಡಿದೆ, ಕೊನೆಗೆ ಕ್ಯಾಮೆರಾ ಹಿಡಿದು ಹತ್ತು ಹೆಜ್ಜೆ ನಡೆದೆ.

ಜೂಮ್ ಬಗ್ಗೆ ಇಲ್ಲಿ ಕಣ್ಣಾರೆ ಕಂಡೆ. ಡಬ್ಬಿಯ ಮೇಲೆ 1500 ಪಟ್ಟು ಅಂತ ದೊಡ್ಡದಾಗಿ ಬರೆದಿದ್ದರೂ ನೋಡಬೇಕಾದದ್ದು ಆಪ್ಟಿಕಲ್ ಜೂಮ್, ಅಂದರೆ ಒಳಗಿನ ಲೆನ್ಸೇ ಸರಿದು ಮಾಡುವ ಜೂಮ್, ಒಂದನ್ನೇ. 20 ಪಟ್ಟು ಆಪ್ಟಿಕಲ್ ಇರುವ ಕ್ಯಾಮ್‌ಕಾರ್ಡರಿನಲ್ಲಿ ಆ ಫಲಕದ ಮೂಲೆಯಲ್ಲಿದ್ದ ಸ್ಕ್ರೂ ಸಹ ಕಾಣುತ್ತಿತ್ತು. ಇನ್ನೊಂದು, ಜೂಮ್ ಗುಂಡಿ. ಕ್ಯಾಮ್‌ಕಾರ್ಡರಿನಲ್ಲಿ ಅದು ಬೆರಳ ತುದಿಗೆ ಸಿಗುವ ಹಾಗೆ ಮೇಲಿರುತ್ತದೆ, ಮೆತ್ತಗೆ ಒತ್ತಿದರೆ ನಿಧಾನ ಹೋಗುತ್ತದೆ, ಜೋರಾಗಿ ಒತ್ತಿದರೆ ಬೇಗ. ಇಡೀ ಗುಂಪಿನಿಂದ ಒಬ್ಬಳ ಮುಖಕ್ಕೆ ನಿಧಾನವಾಗಿ ಹೋಗುವುದು ಇದರಲ್ಲಿ ಎಷ್ಟು ಸಲೀಸು ಅಂತ ಕೈಯಲ್ಲಿ ಹಿಡಿದಾಗಲೇ ತಿಳಿಯುವುದು.

ಲೆನ್ಸಿನ ಮೇಲೆ ಒಂದು ಸಾಲು ಬರೆದಿರುತ್ತಾರೆ, ಎಫ್ 1.8 ರಿಂದ 4 ಅಂತ ಏನೋ. ಅದರ ಅರ್ಥ ನನಗೆ ಅಣ್ಣ ಬಿಡಿಸಿ ಹೇಳಿದ. ಜೂಮ್ ಮಾಡದೆ ಇದ್ದಾಗ 1.8, ಪೂರ್ತಿ ಜೂಮ್ ಮಾಡಿದಾಗ 4. ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ, ಇಲ್ಲಿ ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಮನೆಯಲ್ಲಿ ರಾತ್ರಿ ದೂರ ಕೂತು ಜೂಮ್ ಮಾಡಿ ತೆಗೆದರೆ ಚಿತ್ರದಲ್ಲಿ ಮರಳು ಎರಚಿದ ಹಾಗೆ ಕಾಣುವುದು ಇದಕ್ಕೇ. ಹತ್ತಿರ ಹೋಗಿ ಜೂಮ್ ಇಲ್ಲದೆ ತೆಗೆದರೆ ಅದೇ ಕ್ಯಾಮೆರಾ, ಅದೇ ಬೆಳಕು, ಆದರೂ ಚಿತ್ರ ಚೆನ್ನಾಗಿ ಬರುತ್ತದೆ.

ಸೆನ್ಸರ್ ದೊಡ್ಡದಿದ್ದರೆ ಕತ್ತಲಲ್ಲಿ ಅನುಕೂಲ. ಇದರ ಅಳತೆ ಮಾತ್ರ ಗಲಿಬಿಲಿ ಮಾಡುತ್ತದೆ. '1 ಇಂಚು' ಸೆನ್ಸರ್ ಅಂದರೆ ನಿಜವಾಗಿ 13.2 ಮತ್ತು 8.8 ಮಿಲಿಮೀಟರ್, ಯಾವ ಕಡೆಯೂ ಒಂದು ಇಂಚು ಇಲ್ಲ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆ ಇರುತ್ತಿತ್ತು, ಆ ಕೊಳವೆಯ ಹೊರಗಿನ ಅಳತೆಯ ಹೆಸರು ಇಂದಿಗೂ ಉಳಿದುಕೊಂಡಿದೆ. ಮನೆಬಳಕೆಯ ಕ್ಯಾಮ್‌ಕಾರ್ಡರುಗಳಲ್ಲಿ ಸಾಮಾನ್ಯವಾಗಿ ಇರುವುದು 1/2.5 ಇಂಚಿನಂಥ ಚಿಕ್ಕ ಸೆನ್ಸರು. 1 ಇಂಚಿನದು ಅದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ ಜಾಗದ್ದು. ಹಾಗಂತ ಅದನ್ನೇ ತೆಗೆದುಕೊಳ್ಳೋಣ ಅಂದರೆ ಕ್ಯಾಮೆರಾ ಭಾರ, ಜೂಮ್ ಕಡಿಮೆ. ಸೆನ್ಸರ್ ದೊಡ್ಡದಾದರೆ ಅಷ್ಟೇ ದೂರ ತಲುಪುವ ಲೆನ್ಸೂ ದೊಡ್ಡದಾಗಲೇಬೇಕು, ಎರಡೂ ಒಟ್ಟಿಗೆ ಚಿಕ್ಕ ಕ್ಯಾಮೆರಾದಲ್ಲಿ ಸಿಗುವುದಿಲ್ಲ. ಕ್ಯಾಮ್‌ಕಾರ್ಡರಿನಲ್ಲಿ ಸೆನ್ಸರ್ ಯಾಕೆ ಚಿಕ್ಕದು ಅನ್ನುವುದಕ್ಕೆ ಉತ್ತರ ಆ 20 ಪಟ್ಟು ಜೂಮಿನಲ್ಲೇ ಇದೆ. ಇನ್ನು 'ಇಷ್ಟು ಲಕ್ಸ್ ಬೆಳಕು ಸಾಕು' ಅಂತ ಬರೆದಿರುತ್ತಾರಲ್ಲ, ಅದನ್ನು ನೋಡಿ ಒಂದಕ್ಕೊಂದು ಹೋಲಿಸಲು ಆಗುವುದಿಲ್ಲ. ಷಟರ್ ನಿಧಾನ ಮಾಡಿ, ಅಂದರೆ ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಹೊತ್ತು ಜಾಸ್ತಿ ಮಾಡಿ, ಆ ಅಂಕಿಯನ್ನು ಕೆಳಗಿಳಿಸಬಹುದು, ಆಗ ಕೈ ಬೀಸಿದರೆ ಹಿಂದೆ ಬಾಲದ ಹಾಗೆ ಎಳೆ ಬರುತ್ತದೆ. ಮೇಜಿನ ಕೆಳಗೆ ಹಿಡಿದು ನೋಡಿದ ಪರೀಕ್ಷೆಯೇ ನನಗೆ ಜಾಸ್ತಿ ಹೇಳಿತು.

ಅಂಗಡಿಯವ ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಲೆನ್ಸ್ ಬದಲಿಸಬಹುದಾದ ಫೋಟೋ ಕ್ಯಾಮೆರಾ, ತೆಗೆದುಕೊಳ್ಳಿ ಅಂದ. ಈಗ ಎಲ್ಲರೂ ಅದನ್ನೇ ಕೊಳ್ಳುತ್ತಾರಂತೆ. ನಮ್ಮನೆಯವರಿಗೆ ಅದು ತುಂಬಾ ಹಿಡಿಸಿತು, ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಆ ಚಿತ್ರ ಯಾರಿಗೆ ಇಷ್ಟವಾಗುವುದಿಲ್ಲ, ಹೇಳಿ. ಅದೃಷ್ಟಕ್ಕೆ ಗೆಳತಿಯ ಹತ್ತಿರ ಒಂದಿತ್ತು, ಒಂದು ಭಾನುವಾರಕ್ಕೆ ಕೇಳಿ ತಂದೆವು. ಅಮ್ಮ ಕೂತಿದ್ದಾಗ ತೆಗೆದದ್ದು ನಿಜಕ್ಕೂ ಚೆಂದ ಬಂತು. ಮಗಳು ಅಂಗಳದಲ್ಲಿ ಓಡತೊಡಗಿದ ಮೇಲೆ ತೊಂದರೆ ಶುರುವಾಯಿತು. ಹಿಂದಿನದು ಮಸುಕಾಗುವ ಗುಣವೇ ಇಲ್ಲಿ ತಿರುಗಿ ಹೊಡೆಯುತ್ತದೆ, ಫೋಕಸ್ ಸಿಗುವ ಜಾಗ ತೆಳ್ಳಗಿರುತ್ತದೆ, ಅವಳು ಎರಡು ಹೆಜ್ಜೆ ಮುಂದೆ ಬಂದರೆ ಮುಖ ಮಂಜು. ಹೊಸ ಮಾಡೆಲ್‌ಗಳು ಇದನ್ನು ಚೆನ್ನಾಗಿ ಹಿಡಿಯುತ್ತವೆ, ಗೆಳತಿಯದು ಸ್ವಲ್ಪ ಹಳೆಯದು. ಜೊತೆಗೆ ಬಂದ ಲೆನ್ಸಿನ ಜೂಮ್ 3 ಪಟ್ಟು ಮಾತ್ರ, ವೇದಿಕೆ ದೂರವೇ ಉಳಿಯಿತು.

ಅದರ ಮೇಲೆ, 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನಾಗೇ ನಿಂತಿತು. ಕೆಟ್ಟಿದೆಯೇನೋ ಅಂತ ಹೆದರಿ ಗೆಳತಿಗೆ ಫೋನ್ ಮಾಡಿದೆ. "ಕೆಟ್ಟಿಲ್ಲ ಕಣೇ, ಅದು ಇರೋದೇ ಹಾಗೆ" ಅಂದಳು. ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಯುರೋಪಿಯನ್ ಒಕ್ಕೂಟದಲ್ಲಿ 30 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಒಂದೇ ಸಮ ರೆಕಾರ್ಡ್ ಮಾಡಬಲ್ಲದ್ದನ್ನು ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚಿನ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಫೋಟೋ ಕ್ಯಾಮೆರಾ ಮಾಡುವವರು ಒಂದು ಸೆಕೆಂಡ್ ಮೊದಲೇ ನಿಲ್ಲಿಸಿಬಿಡುತ್ತಿದ್ದರು. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಈ ಮಿತಿ ಇಲ್ಲ. ಆದರೆ 4ಕೆಯಲ್ಲಿ ತುಂಬಾ ಹೊತ್ತು ಓಡಿಸಿದರೆ ಚಿಕ್ಕ ಕ್ಯಾಮೆರಾ ಬಿಸಿಯಾಗಿ ನಿಲ್ಲುವ ಸಾಧ್ಯತೆ ಇದ್ದೇ ಇದೆ. ಕೊಳ್ಳುವ ಮೊದಲು ಎರಡನ್ನೂ ವಿಚಾರಿಸಿ.

ಹೀಗೆ ಮಿರರ್‌ಲೆಸ್ ಬಿಟ್ಟೆವು. ಸಿನಿಮಾದಂಥ ಚಿತ್ರ ಬೇಕು, ಕೂತು ಕಲಿಯುತ್ತೇನೆ ಅನ್ನುವವರಿಗೆ ಅದೇ ಸರಿ. ನಮ್ಮ ಮನೆಯಲ್ಲಿ ಕ್ಯಾಮೆರಾ ಅಮ್ಮನ ಕೈಗೂ ಹೋಗಬೇಕು. ಪರದೆ ಬಿಚ್ಚಿದರೆ ಆನ್, ಕೆಂಪು ಗುಂಡಿ ಒತ್ತಿದರೆ ಶುರು, ಅಷ್ಟೇ ಇರಬೇಕು.

4ಕೆ ಬೇಕೋ ಬೇಡವೋ ಅಂತ ಮನೆಯಲ್ಲಿ ಎರಡು ದಿನ ಚರ್ಚೆ. 1080ಪಿ ಅಂದರೆ 1920 ಮತ್ತು 1080 ಚುಕ್ಕೆಗಳು, 4ಕೆ ಅಂದರೆ 3840 ಮತ್ತು 2160, ನಾಲ್ಕು ಪಟ್ಟು. ಚಿತ್ರ ಚೂಪಾಗಿರುತ್ತದೆ ಅನ್ನುವುದು ನಿಜ. ನಮ್ಮನೆಯವರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ ಕ್ಯಾಮೆರಾ ಅಂದರೆ (8 ಮೆಗಾಬಿಟ್ ಸೇರಿದರೆ 1 ಎಂಬಿ) ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. 1080ಪಿಯಲ್ಲಿ 28 ಮೆಗಾಬಿಟ್ ಅಂದರೆ ಗಂಟೆಗೆ 13 ಜಿಬಿಯ ಹತ್ತಿರ, ಮಾವನ ಒಂದು ಟೇಪು ಇದ್ದಷ್ಟೇ. 128 ಜಿಬಿ ಕಾರ್ಡಿನಲ್ಲಿ 4ಕೆ ಎರಡೂಮುಕ್ಕಾಲು ಗಂಟೆ ಹಿಡಿಸುತ್ತದೆ. ವರ್ಷಕ್ಕೆ 20 ಗಂಟೆ ತೆಗೆದರೆ 900 ಜಿಬಿ, ಎರಡು ಪ್ರತಿ ಇಟ್ಟರೆ ಅದರ ದುಪ್ಪಟ್ಟು. ಕ್ಯಾಮೆರಾಕ್ಕೆ ಕೊಡುವ ಹಣದ ಜೊತೆ ಪ್ರತಿ ವರ್ಷ ಡಿಸ್ಕಿಗೂ ಕೊಡಬೇಕು ಅನ್ನುವುದು ಆಗ ಹೊಳೆಯಿತು. ನಮ್ಮ ಕಂಪ್ಯೂಟರೂ ಹಳೆಯದು. ಅಂಗಡಿಯಲ್ಲಿ ತೆಗೆದ 4ಕೆ ತುಣುಕು ಅದರಲ್ಲಿ ನಿಂತು ನಿಂತು ಓಡಿತು. ಎಚ್.265 ಅನ್ನುವ ಬಗೆಯಲ್ಲಿ ಉಳಿಸಿದ್ದಂತೂ ತೆರೆಯಲೇ ಇಲ್ಲ. ಅದರಲ್ಲಿ ಫೈಲು ಚಿಕ್ಕದಾಗುತ್ತದೆ, ಬಿಡಿಸಿ ತೋರಿಸುವ ಕೆಲಸ ಮಾತ್ರ ಕಂಪ್ಯೂಟರಿಗೆ ಜಾಸ್ತಿ ಬೀಳುತ್ತದೆ.

ಕೊನೆಗೆ 4ಕೆ ಇರುವುದನ್ನೇ ನೋಡೋಣ, ದಿನದ ಬಳಕೆಗೆ 1080ಪಿ ಇಡೋಣ ಅಂತ ಆಯಿತು. ವೇದಿಕೆಯದು, ಗುಂಪಿನದು 4ಕೆ. ಆಮೇಲೆ ಕತ್ತರಿಸಿ ಹತ್ತಿರ ತಂದರೂ ಚಿತ್ರ ಕೆಡುವುದಿಲ್ಲ ಅಲ್ವಾ, ಅದಕ್ಕೆ.

ಸ್ಥಿರತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆನ್ಸೇ ಅಲ್ಲಾಡಿ ಕೈಯ ನಡುಕ ಸರಿಮಾಡುವುದು ಒಂದು ಬಗೆ, ಚಿತ್ರದ ಅಂಚು ಕತ್ತರಿಸಿ ಸರಿಮಾಡುವುದು ಇನ್ನೊಂದು. 20 ಪಟ್ಟು ಜೂಮಿನಲ್ಲಿ ಮೊದಲನೆಯದು ಇರಲೇಬೇಕು, ಇದ್ದರೂ ಒಂದು ಸ್ಟ್ಯಾಂಡ್ ಬೇಕು. ಅಂಗಡಿಯಲ್ಲಿ ನಡೆದು ತೆಗೆದ ಹತ್ತು ಹೆಜ್ಜೆಯ ವಿಡಿಯೋ ನೋಡಿದಾಗ ಮೂರರಲ್ಲಿ ಒಂದು ತಲೆಸುತ್ತು ಬರಿಸಿತು, ಅದನ್ನು ಪಟ್ಟಿಯಿಂದ ತೆಗೆದೆವು.

ಉಳಿದದ್ದು ಎರಡು. ಎರಡರ ಚಿತ್ರವೂ ಹೆಚ್ಚುಕಡಿಮೆ ಒಂದೇ. ಒಂದರ ಚಿತ್ರ ಕತ್ತಲಲ್ಲಿ ಸ್ವಲ್ಪ ಮೇಲು, ಆದರೆ ಅದಕ್ಕೆ ಹೊರಗಿನ ಮೈಕು ಹಾಕುವ ತೂತು ಇರಲಿಲ್ಲ. ಇನ್ನೊಂದಕ್ಕೆ ಮೈಕಿನ ತೂತು, ಹೆಡ್‌ಫೋನಿನ ತೂತು ಎರಡೂ ಇದ್ದವು. ನಮ್ಮನೆಯವರು ಮೊದಲನೆಯದೇ ಅಂದರು. ನಾನು ಮತ್ತೆ ಅಂಗಡಿಗೆ ಹೋದೆ, ಅಣ್ಣನ ಜೊತೆ, ಅವನ ಕಾಲರ್ ಮೈಕ್ ತೆಗೆದುಕೊಂಡು. ಅಂಗಡಿಯೊಳಗೆ ಏಸಿ ಗುಯ್ಗುಡುತ್ತಿತ್ತು, ಜನರ ಮಾತು ಬೇರೆ. ನನಗೆ ಬೇಕಾದದ್ದೂ ಅದೇ. ಅಣ್ಣ ಮೂರು ಮೀಟರ್ ದೂರ ನಿಂತು ಒಂದರಿಂದ ಐವತ್ತರವರೆಗೆ ಎಣಿಸಿದ, ಒಂದು ಸಲ ಕ್ಯಾಮೆರಾದ ಸ್ವಂತ ಮೈಕಿನಲ್ಲಿ, ಒಂದು ಸಲ ಅಂಗಿಗೆ ಸಿಕ್ಕಿಸಿದ ಮೈಕಿನಲ್ಲಿ.

ಮೊದಲ ಸಲ ಮೈಕು ಕೆಲಸವೇ ಮಾಡಲಿಲ್ಲ. ಅದು ಫೋನಿಗೆ ಮಾಡಿದ್ದು, ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದವು. ಕ್ಯಾಮೆರಾಕ್ಕೆ ಎರಡು ಗೆರೆಯ ಪಿನ್ನು ಬೇಕು. ನೋಡಲು ಎರಡೂ ಒಂದೇ ಥರ, ತೂತಿಗೆ ಸರಿಯಾಗಿ ಕೂರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಅಂಗಡಿಯ ಹುಡುಗನೇ ಬದಲಿಸುವ ಒಂದು ಚಿಕ್ಕ ತಂತಿ ಹುಡುಕಿ ಕೊಟ್ಟ. ಮೈಕು ತರುವವರು ಆ ಗೆರೆಗಳನ್ನು ಎಣಿಸಿ ತನ್ನಿ.

ಮನೆಗೆ ಬಂದು ಎರಡನ್ನೂ ಹಾಕಿ ಕಣ್ಣು ಮುಚ್ಚಿ ಕೇಳಿ ಅಂತ ನಮ್ಮನೆಯವರಿಗೆ ಹೇಳಿದೆ. ಕ್ಯಾಮೆರಾದ ಮೈಕಿನಲ್ಲಿ ಏಸಿ ಇತ್ತು, ಪಕ್ಕದವರ ಮಾತಿತ್ತು, ಅವುಗಳ ಹಿಂದೆ ಎಲ್ಲೋ ಅಣ್ಣ ಎಣಿಸುತ್ತಿದ್ದ. ಇನ್ನೊಂದರಲ್ಲಿ ಅಣ್ಣ ಪಕ್ಕದಲ್ಲೇ ಕೂತು ಎಣಿಸಿದ ಹಾಗಿತ್ತು, 37 ಮತ್ತು 38ರ ನಡುವೆ ಉಗುಳು ನುಂಗಿದ್ದೂ ಕೇಳಿಸಿತು. ಬೇರೆ ಮಾತು ಬೇಕಾಗಲಿಲ್ಲ. "ಇದೇ ತಗೊಳ್ಳೋಣ" ಅಂದರು.

ಇದರ ಹಿಂದಿನ ಲೆಕ್ಕ ಸುಲಭ. ಬಾಯಿಗೂ ಮೈಕಿಗೂ ದೂರ ಎರಡು ಪಟ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಫ್ಯಾನಿನ ಸದ್ದು, ಗೋಡೆಗೆ ಬಡಿದು ಬರುವ ಸದ್ದು ಕೋಣೆಯಲ್ಲಿ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೂರು ಮೀಟರ್ ದೂರದಲ್ಲಿರುವ ಕ್ಯಾಮೆರಾದ ಮೈಕು ಎಷ್ಟೇ ಒಳ್ಳೆಯದಿರಲಿ, ಒಂದು ಗೇಣು ದೂರದ ಸಾದಾ ಮೈಕಿಗೆ ಸಮ ಬರುವುದಿಲ್ಲ. ಜೂಮ್ ಚಿತ್ರವನ್ನು ಹತ್ತಿರ ತರುತ್ತದೆ, ಸದ್ದನ್ನು ತರುವುದಿಲ್ಲ. ಮಾವನ ಟೇಪಿನಲ್ಲಿ ಆಗಿದ್ದು ಅದೇ. ಅವರು ಕೋಣೆಯ ಆ ತುದಿಯಲ್ಲಿ ನಿಂತು ಅಜ್ಜಿಯ ಮುಖಕ್ಕೆ ಜೂಮ್ ಮಾಡಿದ್ದರು.

ಮಾವನನ್ನು ಇದರಲ್ಲಿ ದೂರಲು ನನಗೆ ಮನಸ್ಸಿಲ್ಲ. ಆಗ ಕೈಗೆ ಸಿಕ್ಕದ್ದು ಅದು. ಅವರಿಗಿಂತ ಹಿಂದಿನವರಿಗೆ ಅಷ್ಟೂ ಇರಲಿಲ್ಲ. 1983ರಲ್ಲಿ ಸೋನಿ ಮನೆಬಳಕೆಗೆ ತಂದ ಮೊದಲ ಕ್ಯಾಮ್‌ಕಾರ್ಡರ್ ಬೀಟಾಮೂವಿ ಸುಮಾರು ಎರಡೂವರೆ ಕಿಲೋ ಭಾರ, ಹೆಗಲ ಮೇಲಿಟ್ಟುಕೊಳ್ಳಬೇಕಿತ್ತು. ತೆಗೆದದ್ದನ್ನು ಅದರಲ್ಲೇ ತಿರುಗಿ ನೋಡಲೂ ಆಗುತ್ತಿರಲಿಲ್ಲ, ಟೇಪನ್ನು ಮನೆಯ ವಿಸಿಆರ್‌ಗೆ ಹಾಕಿದ ಮೇಲೆಯೇ ಏನು ಬಂದಿದೆ ಅಂತ ಗೊತ್ತಾಗುವುದು. 1995ರಲ್ಲಿ ಡಿವಿ ಟೇಪಿನ ಕ್ಯಾಮೆರಾಗಳು ಬಂದ ಮೇಲೆ ಚಿತ್ರ ಡಿಜಿಟಲ್ ಆಯಿತು. ಆ ಟೇಪುಗಳು ಯಾರ ಮನೆಯಲ್ಲಿದ್ದರೂ ಈಗಲೇ ಇಳಿಸಿಕೊಳ್ಳಿ, ಟೇಪು ಉಳಿದರೂ ಓಡಿಸುವ ಕ್ಯಾಮೆರಾ ಉಳಿಯುವುದಿಲ್ಲ. ಮಾವನದು ಒಂಬತ್ತನೇ ಟೇಪು ಮುಗಿದ ಮೇಲೆ ಕೈಕೊಟ್ಟಿತು, ಉಳಿದ ಐದಕ್ಕೆ ಬೇರೊಬ್ಬರ ಕ್ಯಾಮೆರಾ ಹುಡುಕಬೇಕಾಯಿತು.

ಹೊಸದನ್ನು ಕೊಂಡ ದಿನ ಜೊತೆಗೆ ತಂದದ್ದು ಒಂದು ದೊಡ್ಡ ಬ್ಯಾಟರಿ, ಎರಡು ಕಾರ್ಡು, ಹೆಡ್‌ಫೋನ್, ಮೈಕಿಗೆ ಹಾಕುವ ತುಪ್ಪಳದ ಟೋಪಿ. ಗಾಳಿಯಲ್ಲಿ ಆ ಟೋಪಿ ಇಲ್ಲದೆ ತೆಗೆದರೆ ಬಡಬಡ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಡಬ್ಬಿಯಲ್ಲಿ ಬರುವ ಬ್ಯಾಟರಿ ಚಿಕ್ಕದು. ವಿವರದಲ್ಲಿ ಎರಡು ಸಮಯ ಕೊಟ್ಟಿರುತ್ತಾರೆ, ಒಂದೇ ಸಮ ತೆಗೆದರೆ ಇಷ್ಟು, ನಿಲ್ಲಿಸಿ ಶುರುಮಾಡಿ ಜೂಮ್ ಮಾಡುತ್ತಾ ತೆಗೆದರೆ ಇಷ್ಟು ಅಂತ. ಎರಡನೆಯದು ಸುಮಾರು ಅರ್ಧಕ್ಕೆ ಇಳಿಯುತ್ತದೆ, ನಂಬಬೇಕಾದದ್ದು ಅದನ್ನೇ. ಕಾರ್ಡಿನ ಮೇಲೆ ವಿ30 ಅಂತ ಇದ್ದರೆ ಸಾಕು, ಸೆಕೆಂಡಿಗೆ ಕಡಿಮೆಯೆಂದರೂ 30 ಎಂಬಿ ಬರೆಯುತ್ತದೆ ಅಂತ ಅರ್ಥ, ನಮ್ಮ 4ಕೆಗೆ ಬೇಕಾದದ್ದು 12.5. ತಂದ ಕಾರ್ಡಿಗೆ ಒಂದು ಸಲ ಪೂರ್ತಿ ತುಂಬುವವರೆಗೆ ಫೈಲು ಹಾಕಿ ತಿರುಗಿ ತೆರೆದು ನೋಡಿದೆವು. ನಕಲಿ ಕಾರ್ಡುಗಳು 128 ಅಂತ ತೋರಿಸಿ ಒಳಗೆ ಅದರ ಕಾಲು ಭಾಗವೂ ಇರುವುದಿಲ್ಲ, ತುಂಬಿದ ಮೇಲೆಯೇ ಬಯಲಾಗುವುದು.

ಮೊದಲ ರಾತ್ರಿಯ ವಿಡಿಯೋದಲ್ಲಿ ದೀಪದ ಬೆಳಕು ಅಲೆ ಅಲೆಯಾಗಿ ನಡುಗುತ್ತಿತ್ತು. ಒಂದು ಕ್ಷಣ ಎದೆ ಧಸಕ್ ಅಂದಿತು. ಕ್ಯಾಮೆರಾ ಸರಿಯೇ ಇತ್ತು, ಸೆಟ್ಟಿಂಗ್ ಒಂದನ್ನು ಬದಲಿಸಬೇಕಿತ್ತು. ಕರೆಂಟು 50 ಹರ್ಟ್ಸ್ ಇದ್ದರೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಂದವಾಗಿ ಮತ್ತೆ ಬೆಳಗುತ್ತವೆ, 60 ಇದ್ದರೆ 120 ಸಲ. ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. 50ರ ಕಡೆ ಸೆಕೆಂಡಿಗೆ 25 ಅಥವಾ 50 ಫ್ರೇಮು (ಬಿಡಿ ಚಿತ್ರ), ಷಟರ್ 1/50 ಅಥವಾ 1/100 ಸೆಕೆಂಡ್ ಇಡಬೇಕು. 60ರ ಕಡೆ 30 ಅಥವಾ 60 ಫ್ರೇಮು, 1/60 ಅಥವಾ 1/120. ಕೆಲವು ಕ್ಯಾಮ್‌ಕಾರ್ಡರುಗಳಲ್ಲಿ ಇದನ್ನು ಬದಲಿಸಲು ಬರುವುದಿಲ್ಲ, ಬೇರೆ ದೇಶದಿಂದ ತರಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು, ತಾರೀಕು ಮತ್ತು ಗಂಟೆ ಸರಿಯಾಗಿ ಇಡಿ. ಮಾವ ಇಟ್ಟಿರಲಿಲ್ಲ. ಅಜ್ಜಿಯ ಆ ಟೇಪು ಯಾವ ವರ್ಷದ್ದು ಅಂತ ನಾವು ಗೋಡೆಯ ಕ್ಯಾಲೆಂಡರ್ ನೋಡಿ ಹೇಳಬೇಕಾಯಿತು, ಅದೂ ಅರ್ಧ ಕಾಣುತ್ತಿತ್ತು.

ಕ್ಯಾಮೆರಾ ಬಂದ ಎರಡನೇ ವಾರ ಅಮ್ಮನನ್ನು ಕೂರಿಸಿದೆವು. ಫ್ಯಾನ್ ಆರಿಸಿದೆ, ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಕುರ್ಚಿ ತಿರುಗಿಸಿದೆ, ಮೈಕು ಸಿಕ್ಕಿಸಿ ತಂತಿಯನ್ನು ಬಟ್ಟೆಯ ಮಡಿಕೆಯಲ್ಲಿ ಸೇರಿಸಿದೆ. ಅವಳಿಗೆ ಕ್ಯಾಮೆರಾ ನೋಡಿ ಮಾತೇ ಹೊರಡಲಿಲ್ಲ. "ಏನು ಹೇಳಲಿ, ಎಲ್ಲಾ ನಿಂಗೆ ಗೊತ್ತಿರೋದೇ" ಅಂದಳು. ಆಗ ಅಣ್ಣ ಅಜ್ಜಿಯ ಟೇಪನ್ನು ಟಿವಿಗೆ ಹಾಕಿದ, ದನಿ ಪೂರ್ತಿ ತೆಗೆದು, ಚಿತ್ರ ಮಾತ್ರ. ಅಮ್ಮ ಸ್ವಲ್ಪ ಹೊತ್ತು ಅಜ್ಜಿಯ ಕೈಗಳನ್ನೇ ನೋಡಿದಳು. ಆಮೇಲೆ ಒಂದು ಸಲ ನಕ್ಕು, "ಅಯ್ಯೋ, ಇದು ಆ ದೋಣಿ ಮಗುಚಿದ ಕಥೆ" ಅಂದಳು. ಕೈಯನ್ನು ಹಾಗೆ ಎರಡು ಸಲ ಬೀಸಿದರೆ ದೋಣಿ ಅಂತೆ. ಅಜ್ಜಿ ಕಣ್ಣು ಒರೆಸಿಕೊಂಡದ್ದು ತನ್ನ ತಮ್ಮನನ್ನು ನೀರಿನಿಂದ ಎಳೆದ ಜಾಗದಲ್ಲಿ.

ನಾನು ಕೆಂಪು ಗುಂಡಿ ಒತ್ತಿ ಹೆಡ್‌ಫೋನ್ ಹಾಕಿಕೊಂಡೆ. ಅಮ್ಮ 47 ನಿಮಿಷ ಮಾತಾಡಿದಳು. ಮಗಳು ನಡುವೆ ಬಂದು ತೊಡೆಯ ಮೇಲೆ ಕೂತದ್ದು, ಮೈಕಿನ ತಂತಿ ಎಳೆದದ್ದು, "ಆಮೇಲೆ ದೋಣಿ ಏನಾಯ್ತು ಅಜ್ಜಿ?" ಅಂತ ಕೇಳಿದ್ದು ಎಲ್ಲವೂ ಅದರಲ್ಲಿದೆ. ಆ ಸಂಜೆಯೇ ಕಾರ್ಡಿನಲ್ಲಿದ್ದ ಫೋಲ್ಡರನ್ನು ಇದ್ದ ಹಾಗೆ ಪೂರ್ತಿ ಎರಡು ಡಿಸ್ಕಿಗೆ ಹಾಕಿದೆವು. ಒಂದು ನಮ್ಮ ಮನೆಯಲ್ಲಿದೆ, ಇನ್ನೊಂದನ್ನು ಅಣ್ಣ ತನ್ನ ಮನೆಗೆ ತೆಗೆದುಕೊಂಡು ಹೋದ.